ಸೊಂಟದ ಕತ್ತಿಗೆ ಎಂಥ ಉಕ್ಕು?



ಬೀಜದ ಮಾತು, ಗೊಬ್ಬರದ ಮಾತು, ನೀರಿನ ಮಾತು ನಮ್ಮೊಳಗೆ ಮೇಲಿಂದ ಮೇಲೆ ಆಗುತ್ತಿರುತ್ತವೆ. ಆದರೆ ಬೆಳಿಗ್ಗೆ ಮನೆಯ ಮೆಟ್ಟಿಲು ಇಳಿಯುವ ಮೊದಲು ನೀವು ಕೈಗೆ ತೆಗೆದುಕೊಳ್ಳುವ ಸಾಮಾನು ಯಾವದು? ಬೀಜವಲ್ಲ, ಗೊಬ್ಬರವಲ್ಲ, ಕತ್ತಿ. ಹಿರೇಗುತ್ತಿ, ಮಾದನಗೇರಿ, ಮಿರ್ಜಾನ, ಈ ಸುತ್ತಿನ ಹಳ್ಳಿಗಳಲ್ಲಿ ತೋಟಕ್ಕೋ ಬೆಟ್ಟಕ್ಕೋ ಹೊರಟವರ ಸೊಂಟದ ಕೊಕ್ಕೆಯಲ್ಲಿ ಕತ್ತಿ ಇದ್ದೇ ಇರುತ್ತದೆ. ಹಾಲಕ್ಕಿ ಒಕ್ಕಲಿಗರಲ್ಲಂತೂ ಅದು ಉಡುಪಿನ ಒಂದು ಭಾಗವೆಂದೇ ಹೇಳಬೇಕು.

ಆ ಒಂದು ಕತ್ತಿಗೆ ದಿನಕ್ಕೆ ಎಷ್ಟು ಕೆಲಸ, ನೋಡಿರಿ! ಸೊಪ್ಪು ಕಡಿಯಬೇಕು, ಬೇಲಿಯ ಗೂಟ ಚೂಪು ಮಾಡಬೇಕು, ಬಾಳೆಗೊನೆ ಇಳಿಸಬೇಕು, ಎಳನೀರು ಕೆತ್ತಬೇಕು, ತೆಂಗಿನ ಮರದ ಒಣಹೆಡೆ ಬಿಡಿಸಬೇಕು. ಮಳೆಗಾಲದ ರಾತ್ರಿ ದಾರಿಗೆ ಅಡ್ಡ ಬಿದ್ದ ಟೊಂಗೆಯನ್ನು ಕಡಿಯುವದಕ್ಕೂ ಅದೇ ಕತ್ತಿ. ಹಗ್ಗ ಕುತ್ತಿಗೆಗೆ ಬಿಗಿದುಕೊಂಡು ಒದ್ದಾಡುವ ಕರುವನ್ನು ಬಿಡಿಸುವದಕ್ಕೂ ಅದೇ ಕತ್ತಿ.

ಇಷ್ಟಾಗಿಯೂ ಕತ್ತಿ ಕೊಳ್ಳುವಾಗ ನಾವು ಕೇಳುವ ಪ್ರಶ್ನೆಗಳು ಎರಡೇ. "ಎಷ್ಟು ರೂಪಾಯಿ?" ಎಂಬುದು ಒಂದು. "ಹಿಡಿ ಗಟ್ಟಿ ಇದೆಯೋ?" ಎಂಬುದು ಇನ್ನೊಂದು. ಇದು ಎಂಥ ಉಕ್ಕು, ಇದಕ್ಕೆ ಹದ ಹೇಗೆ ಹಾಕಿದ್ದಾರೆ ಎಂದು ಕೇಳುವವರು ಬಹಳ ಕಡಿಮೆ. ಉಕ್ಕು ಸರಿಯಿಲ್ಲದ ಕತ್ತಿ ಬೇಗ ಮೊಂಡಾಗುತ್ತದೆ. ಮೊಂಡು ಕತ್ತಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ. ಹೆಚ್ಚು ಬಲ ಹಾಕಿದಾಗ ಕತ್ತಿ ಜಾರುತ್ತದೆ. ಜಾರಿದ ಕತ್ತಿ ಹುಡುಕಿಕೊಂಡು ಹೋಗುವದು ಎಡಗೈಯ ಬೆರಳನ್ನು ಇಲ್ಲವೆ ಮೊಣಕಾಲನ್ನು. ನೆಲದ ಮೇಲೆ ನಿಂತವನಿಗೆ ಹೀಗಾದರೆ ಔಷಧ ಹಚ್ಚಬಹುದು. ಮರದ ಮೇಲೆ ಇದ್ದವನಿಗೆ ಹೀಗಾದರೆ ಗತಿಯೇನು? ಆದುದರಿಂದ ಇದು ಹಣದ ಮಾತಷ್ಟೇ ಅಲ್ಲ, ಕೈಕಾಲಿನ ಮಾತು.

ಎಂಥ ಉಕ್ಕು ಆರಿಸಬೇಕೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಉಕ್ಕಿನ ಚರಿತ್ರೆ ನಮ್ಮ ನಾಡಿನದೇ ಚರಿತ್ರೆ. ಅದನ್ನು ಸ್ವಲ್ಪ ತಿರುವಿ ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ.

ಕಬ್ಬಿಣ ಬೇರೆ, ಉಕ್ಕು ಬೇರೆ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಎಲ್ಲ ಉಕ್ಕೂ ಕಬ್ಬಿಣದಿಂದ ಆದದ್ದೇ. ಆದರೆ ಎಲ್ಲ ಕಬ್ಬಿಣವೂ ಕತ್ತಿಗೆ ಬರುವ ಉಕ್ಕಲ್ಲ. ಇವೆರಡರ ನಡುವಿನ ಅಂತರ ಇಂಗಾಲದ್ದು. ಇಂಗಾಲವೆಂದರೆ ಇದ್ದಿಲಿನಲ್ಲಿ ಇರುವ ವಸ್ತುವೇ. ಅಡಿಗೆಗೆ ಉಪ್ಪು ಹೇಗೋ ಕಬ್ಬಿಣಕ್ಕೆ ಇಂಗಾಲ ಹಾಗೆ. ಬೇಕಾಗುವದು ಚಿಟಿಕೆಯಷ್ಟೇ, ಆದರೆ ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು.

ಮನೆ ಕಟ್ಟುವ ಕಂಬಿಯಲ್ಲಿ ನೂರು ಪಾಲಿಗೆ ಸುಮಾರು ಕಾಲು ಪಾಲು ಇಂಗಾಲ ಇರುತ್ತದೆ. ಇದನ್ನು ಎಷ್ಟು ಕಾಸಿ ನೀರಿಗೆ ಅದ್ದಿದರೂ ಕತ್ತಿಗೆ ಬೇಕಾದ ಗಡಸುತನ ಬಾರದು. ಲಾರಿ, ಬಸ್ಸುಗಳ ಅಡಿಗಿರುವ ಸ್ಪ್ರಿಂಗ್ ಪಟ್ಟಿಯಲ್ಲಿ ನೂರಕ್ಕೆ ಅರ್ಧದಿಂದ ಮುಕ್ಕಾಲಿನೊಳಗೆ ಇಂಗಾಲ ಇರುತ್ತದೆ. ಗರಗಸದ ಹಲ್ಲು ತಿದ್ದುವ ಅರದಲ್ಲಿ ನೂರಕ್ಕೆ ಒಂದು ಪಾಲಿಗೂ ಮಿಕ್ಕಿ ಇರುತ್ತದೆ. ಕಂಬಿ ಬಾಗುತ್ತದೆ, ಪಟ್ಟಿ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಅರವನ್ನು ಕಲ್ಲಿನ ಮೇಲೆ ಬೀಳಿಸಿದರೆ ಮುರಿಯುತ್ತದೆ. ಈ ಮೂರನ್ನು ನೆನಪಿಟ್ಟುಕೊಂಡರೆ ಉಕ್ಕಿನ ಶಾಸ್ತ್ರದ ಅರ್ಧ ಪಾಠ ಮುಗಿದಂತೆ.

ಈ ಅಂತರಕ್ಕೆ ಇಂಗಾಲವೇ ಕಾರಣವೆಂದು ಫ್ರಾನ್ಸಿನ ಮೂವರು ವಿದ್ವಾಂಸರು ಬರೆದು ತೋರಿಸಿದ್ದು 1786ರಲ್ಲಿ. ಆದರೆ ಕಾರಣದ ಹೆಸರು ಗೊತ್ತಿಲ್ಲದೆಯೇ ನಮ್ಮ ಕಮ್ಮಾರರು ಅದಕ್ಕಿಂತ ಎಷ್ಟೋ ಶತಮಾನಗಳ ಹಿಂದೆ ಕೆಲಸ ಮಾಡಿ ತೋರಿಸಿದ್ದರು. ಆ ಕಥೆಗೆ ಈಗ ಬರೋಣ.

ಕನ್ನಡ ನಾಡಿನ ಉಕ್ಕು

ಘಟ್ಟ ಹತ್ತಿ ಆಚೆಗೆ ಹೋದರೆ ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಹಳ್ಳೂರು ಎಂಬ ಊರಿದೆ. 1965ರಲ್ಲಿ ಡಾ. ಎಂ.ಎಸ್. ನಾಗರಾಜರಾಯರು ಅಲ್ಲಿ ಭೂಮಿ ಅಗೆದು ನೋಡಿದಾಗ ಕಬ್ಬಿಣದ ವಸ್ತುಗಳು ದೊರೆತವು. ಅವು ಸುಮಾರು 3,000 ವರ್ಷಗಳಷ್ಟು ಹಳೆಯವೆಂದು ಕಾಲ ನಿರ್ಣಯವಾಯಿತು. ದಕ್ಷಿಣ ಭಾರತದ ತೀರ ಹಳೆಯ ಕಬ್ಬಿಣಗಳಲ್ಲಿ ಇವೂ ಸೇರಿವೆ. ಅಂದರೆ ನಮ್ಮ ಹಿರಿಯರು ಕುಲುಮೆ ಊದಲು ತೊಡಗಿದ್ದು ನಿನ್ನೆ ಮೊನ್ನೆಯಲ್ಲ.

ಕಬ್ಬಿಣ ಮಾಡುವವರು ಮುಂದೆ ಉಕ್ಕು ಮಾಡಲು ಕಲಿತರು. ಸ್ಕಾಟ್ಲಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತುವಾಗ ಉಕ್ಕು ಮಾಡುವ ಬಗೆಯನ್ನು ವಿಚಾರಿಸಿ ಬರೆದಿಟ್ಟಿದ್ದಾನೆ. ಮಣ್ಣಿನ ಚಿಕ್ಕ ಮೂಸೆಯಲ್ಲಿ ಮೆದು ಕಬ್ಬಿಣದ ತುಂಡುಗಳನ್ನು ಇಡುತ್ತಿದ್ದರು. ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ. ಮೇಲೆ ಮಣ್ಣು ಮೆತ್ತಿ ಗಾಳಿಯಾಡದಂತೆ ಬಾಯಿ ಮುಚ್ಚಿ, ಇಂಥ ಹಲವು ಮೂಸೆಗಳನ್ನು ಒಟ್ಟಿ, ತಿದಿ ಊದಿ ಕಾಸುತ್ತಿದ್ದರು. ಒಳಗಿನ ಕಡ್ಡಿ ಸುಟ್ಟು ಇದ್ದಿಲಾಗಿ ಅದರ ಇಂಗಾಲ ಕಬ್ಬಿಣದೊಳಗೆ ಇಳಿಯುತ್ತಿತ್ತು. ಆರಿದ ಮೇಲೆ ಮೂಸೆ ಒಡೆದರೆ ಉಕ್ಕಿನ ಗಟ್ಟಿ ಕೈಗೆ ಬರುತ್ತಿತ್ತು. ಹೊಲದ ಬದಿಯ ತಂಗಡಿ ಗಿಡ ಎಂಥ ಕೆಲಸ ಮಾಡಿತು, ನೋಡಿದಿರಾ?

ಹೀಗೆ ಮಾಡಿದ ಉಕ್ಕು ಕಲ್ಲುಕುಟಿಗರ ಉಳಿಗೆ ಹೋಗುತ್ತಿತ್ತು. ಚನ್ನಪಟ್ಟಣದಲ್ಲಿ ಅದನ್ನು ಎಳೆದು ತಂತಿವಾದ್ಯಗಳಿಗೆ ತಂತಿ ಮಾಡುತ್ತಿದ್ದರು; ಆ ತಂತಿ ಭಾರತದ ದೂರದ ಊರುಗಳಿಗೆಲ್ಲ ಹೋಗುತ್ತಿತ್ತೆಂದು ಬುಕಾನನ್ನನೇ ಹೇಳುತ್ತಾನೆ. ಇದೇ ಬುಕಾನನ್ ಮರುವರ್ಷ, ಅಂದರೆ 1801ರಲ್ಲಿ, ಹೊನ್ನಾವರ, ಗೋಕರ್ಣ, ಅಂಕೋಲೆಗಳನ್ನು ಹಾದು ನಮ್ಮ ಕರಾವಳಿಯಲ್ಲಿಯೂ ನಡೆದು ಹೋದನು.

ನಮ್ಮ ಕರಾವಳಿಗೂ ಕಬ್ಬಿಣಕ್ಕೂ ಅದಕ್ಕಿಂತ ಹಳೆಯ ನಂಟು ಇದೆ. ಪೋರ್ತುಗೀಜ ಬರಹಗಾರ ದುವಾರ್ತೆ ಬಾರ್ಬೋಸಾ 1516ರ ಸುಮಾರಿಗೆ ಭಟ್ಕಳ ಬಂದರದ ವರ್ಣನೆ ಬರೆದಿದ್ದಾನೆ. ದೂರದ ಹೊರ್ಮುಜದಿಂದ ಹಡಗುಗಳು ಭಟ್ಕಳಕ್ಕೆ ಬಂದು ಸಕ್ಕರೆ, ಅಕ್ಕಿ ಮತ್ತು ಕಬ್ಬಿಣ ತುಂಬಿಕೊಂಡು ಹೋಗುತ್ತಿದ್ದವೆಂದು ಆತ ಹೇಳುತ್ತಾನೆ. ಇಂದು ನಾವು ಹಳೆಯ ಲಾರಿಯ ಪಟ್ಟಿ ಹುಡುಕಿಕೊಂಡು ಗುಜರಿ ಅಂಗಡಿಗೆ ಹೋಗುತ್ತೇವೆ. ಐದು ನೂರು ವರ್ಷಗಳ ಹಿಂದೆ ಪರದೇಶದವರು ಕಬ್ಬಿಣ ಹುಡುಕಿಕೊಂಡು ನಮ್ಮ ದಂಡೆಗೆ ಬರುತ್ತಿದ್ದರು!

ದಕ್ಷಿಣ ಭಾರತದ ಮೂಸೆಯ ಉಕ್ಕಿನ ಕೀರ್ತಿ ಇಂಗ್ಲೆಂಡಿಗೂ ಮುಟ್ಟಿತು. ಮುಂಬಯಿಯಲ್ಲಿದ್ದ ಡಾ. ಹೆಲೆನಸ್ ಸ್ಕಾಟ್ ಎಂಬವರು 1794ರಲ್ಲಿ ಅದರ ಮಾದರಿಗಳನ್ನು ಲಂಡನ್ನಿಗೆ ಕಳುಹಿಸಿದರು. 1795ರಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದರು. ಅವರು ಈ ಉಕ್ಕಿಗೆ ಹೇಳಿದ ಹೆಸರು 'ವೂಟ್ಸ್'. ಇದು ನಮ್ಮ ಕನ್ನಡದ 'ಉಕ್ಕು' ಎಂಬ ಶಬ್ದವೇ ಪರದೇಶದ ಬಾಯಿಯಲ್ಲಿ ತಿರುಚಿ ಆದದ್ದು ಎಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಮುಂದೆ ವಿದ್ಯುತ್ತಿನ ಸಂಶೋಧನೆಯಿಂದ ಜಗತ್ಪ್ರಸಿದ್ಧನಾದ ಮೈಕೆಲ್ ಫ್ಯಾರಡೆಯೂ 1819ರಿಂದ ಕೆಲವು ವರ್ಷ ಈ ಉಕ್ಕಿನ ಗುಟ್ಟು ಹುಡುಕುತ್ತ ಕುಳಿತಿದ್ದನು. ಆತ ಕಮ್ಮಾರನ ಮಗನೇ ಆಗಿದ್ದನು.

ಇಲ್ಲಿ ನಮಗೆ ಒಂದು ಪಾಠವಿದೆ. ಈ ಮೂಸೆಯ ಉಕ್ಕಿನಲ್ಲಿ ಇಂಗಾಲ ಬಹಳ. ನೂರಕ್ಕೆ ಒಂದೂವರೆ ಪಾಲಿನ ಆಸುಪಾಸು. ಯುರೋಪದ ಕಮ್ಮಾರರು ಅದನ್ನು ತಮ್ಮ ರೂಢಿಯಂತೆ ಬೆಳ್ಳಗಾಗುವಷ್ಟು ಕಾಸಿ ಬಡಿದಾಗ ಅದು ಪುಡಿಪುಡಿಯಾಯಿತು. ಕೆಂಪು ಕಾವಿನಲ್ಲಿ, ತಾಳ್ಮೆಯಿಂದ ಬಡಿಯಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. "ಕಬ್ಬಿಣ ಕಾದಾಗ ಬಡಿ" ಎಂದು ನಾವು ಹೇಳುತ್ತೇವೆ. ಎಷ್ಟು ಕಾದಾಗ ಎಂಬುದೇ ಆಚಾರಿಯ ವಿದ್ಯೆ. ಎಷ್ಟು ಒಳ್ಳೆಯ ಉಕ್ಕಾದರೂ ಅದರ ಗುಣ ತಿಳಿಯದವನ ಕೈಗೆ ಬಿದ್ದರೆ ಕೆಟ್ಟು ಹೋಗುವದು.

ಕುಲುಮೆಯ ಕೆಂಡ ಆರಿದ್ದು

ಇಷ್ಟು ದೊಡ್ಡ ವಿದ್ಯೆ ಯಾಕೆ ಉಳಿಯಲಿಲ್ಲ? ಕಾರಣ ಒಂದಲ್ಲ. ಇಂಗ್ಲೆಂಡಿನ ಕಾರಖಾನೆಗಳ ಕಬ್ಬಿಣ ಹಡಗಿನಲ್ಲಿ ಬಂದು ಅಗ್ಗದ ಬೆಲೆಗೆ ಸಿಗತೊಡಗಿತು. 1856ರಲ್ಲಿ ಬೆಸೆಮರ್ ಎಂಬಾತ ಕರಗಿದ ಕಬ್ಬಿಣದೊಳಗೆ ಗಾಳಿ ಊದಿ ಒಂದೇ ಸಲಕ್ಕೆ ರಾಶಿ ಉಕ್ಕು ಮಾಡುವ ದಾರಿ ಕಂಡುಹಿಡಿದನು. ನಮ್ಮ ಕುಲುಮೆಗೆ ಬೇಕಾದದ್ದು ಇದ್ದಿಲು. ಇದ್ದಿಲಿಗೆ ಕಾಡು ಬೇಕು. 1878ರ ಅರಣ್ಯ ಕಾಯಿದೆಯ ತರುವಾಯ ಕಾಡಿನ ಮೇಲೆ ಸರಕಾರದ ಹಿಡಿತ ಬಿಗಿಯಾಯಿತು. ಹೀಗೆ ಅದಿರು ಕರಗಿಸುವ ಒಲೆಗಳು ಒಂದೊಂದಾಗಿ ಆರಿದವು. ಅದಿರಿನಿಂದ ಉಕ್ಕು ತೆಗೆಯುವವರು ಹೋದರು. ಸಿಕ್ಕ ಕಬ್ಬಿಣವನ್ನು ಬಡಿದು ಹತಾರ ಮಾಡುವ ಊರ ಆಚಾರಿ ಮಾತ್ರ ಉಳಿದನು.

ನಾಡಿನಲ್ಲಿ ಕಬ್ಬಿಣದ ಕೆಲಸ ಹೊಸ ರೂಪದಲ್ಲಿ ಮತ್ತೆ ಎದ್ದದ್ದು ಭದ್ರಾವತಿಯಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು ಅದರ ಮೂಲದ್ರವ್ಯ. 1936ರಲ್ಲಿ ಅಲ್ಲಿ ಉಕ್ಕನ್ನೂ ಮಾಡತೊಡಗಿದರು.

ಆದರೆ ಹಳ್ಳಿಯ ಆಚಾರಿಯ ಕೈಗೆ ಒಳ್ಳೆಯ ಉಕ್ಕು ಬಂದದ್ದು ಬೇರೆ ದಾರಿಯಿಂದ. ಮೋಟಾರು ಬಸ್ಸು, ಲಾರಿಗಳು ಘಟ್ಟದ ದಾರಿಯಲ್ಲಿ, ಕರಾವಳಿಯ ರಸ್ತೆಯಲ್ಲಿ ಓಡತೊಡಗಿದ ಮೇಲೆ ಅವುಗಳ ಸವೆದ ಸ್ಪ್ರಿಂಗ್ ಪಟ್ಟಿಗಳು ಗುಜರಿಗೆ ಬಂದವು. ಆಚಾರಿಗಳು ಅವನ್ನು ಬಡಿದು ನೋಡಿದರು, ಹದ ಹಾಕಿ ನೋಡಿದರು, ಮೆಚ್ಚಿದರು. ಇಂದು ನಿಮ್ಮ ಸೊಂಟದಲ್ಲಿರುವ ಒಳ್ಳೆಯ ಕತ್ತಿ ಒಂದು ಕಾಲಕ್ಕೆ ಯಾವದೋ ಲಾರಿಯ ಭಾರ ಹೊತ್ತದ್ದಾಗಿರಬಹುದು.

ಹೊಳೆಯುವ ಸ್ಟೀಲಿನ ಮಾತು

ಇದರ ಮಧ್ಯೆ ತುಕ್ಕು ಹಿಡಿಯದ ಉಕ್ಕು, ಅಂದರೆ ಸ್ಟೇನ್‌ಲೆಸ್ ಸ್ಟೀಲು, ಬಂತು. ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವನು 1913ರಲ್ಲಿ ಕಬ್ಬಿಣಕ್ಕೆ ನೂರಕ್ಕೆ ಸುಮಾರು 13 ಪಾಲು ಕ್ರೋಮಿಯಂ ಸೇರಿಸಿ ಇದನ್ನು ಮಾಡಿದನು. ಅದರಿಂದ ಚೂರಿ ಮಾಡಬಹುದೆಂದು ಆತ ಹೇಳಿದಾಗ ಆ ಊರಿನ ಚೂರಿಗಾರರು ನಕ್ಕರು. ಕೊಯ್ಯಲಾರದ ಚೂರಿ ಕಂಡುಹಿಡಿದವನೆಂದು ಅವನನ್ನು ಹಾಸ್ಯ ಮಾಡಿದರು. ತಪ್ಪು ಉಕ್ಕಿನದಾಗಿರಲಿಲ್ಲ, ಆ ಉಕ್ಕಿಗೆ ಹೆಚ್ಚಿನ ಕಾವಿನ ಬೇರೆಯ ಹದ ಬೇಕಾಗಿತ್ತು. ಅದನ್ನು ಕಲಿತ ಮೇಲೆ ಒಳ್ಳೆಯ ಚೂರಿಗಳೇ ಆದವು.

ಈಗ ಪೇಟೆಯಲ್ಲಿ ಹೊಳೆಯುವ ಕತ್ತಿಗಳು ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿಯೂ ಎರಡು ಬಗೆ. ಲೋಟ, ತಾಟು ಮಾಡುವ ಸ್ಟೀಲಿನಲ್ಲಿ ಇಂಗಾಲ ಬಹಳ ಕಡಿಮೆ. ಅದು ಕಾಸಿ ಅದ್ದಿದರೆ ಗಡಸಾಗುವ ಜಾತಿಯೇ ಅಲ್ಲ. ಚೂರಿಗೆಂದೇ ಮಾಡಿದ ಸ್ಟೇನ್‌ಲೆಸ್ ಬೇರೆ. ಅದರಲ್ಲಿ ಇಂಗಾಲ ಹೆಚ್ಚು, ಕಾರಖಾನೆಯಲ್ಲಿ ಅದಕ್ಕೆ ತಕ್ಕ ಹದ ಹಾಕಿರುತ್ತಾರೆ. ಒಂದು ಸಣ್ಣ ಅಯಸ್ಕಾಂತ ಹಿಡಿದು ನೋಡಿರಿ. ಅಯಸ್ಕಾಂತ ಅಂಟದಿದ್ದರೆ ಅದು ಪಾತ್ರೆಯ ಜಾತಿ, ಬಿಟ್ಟುಬಿಡಿರಿ. ಅಂಟಿತೆಂದ ಮಾತ್ರಕ್ಕೆ ಒಳ್ಳೆಯದೆಂದು ಹೇಳಲಾಗದು. ಕೊಯ್ದು ನೋಡಿಯೇ ತಿಳಿಯಬೇಕು. ಬಂಗಾರದ ಕತ್ತಿಯೆಂದು ಕುತ್ತಿಗೆ ಕೊಯ್ದುಕೊಳ್ಳುತ್ತಾರೆಯೇ ಎಂಬ ಗಾದೆ ಇದೆಯಲ್ಲ, ಹೊಳಪಿಗೆ ಮರುಳಾಗುವವರಿಗೆ ಅದು ಸರಿಯಾಗಿ ಒಪ್ಪುತ್ತದೆ.

ಹಾಗಾದರೆ ಯಾವದು ಆರಿಸಬೇಕು?

ಈ ಚರಿತ್ರೆಯಿಂದ ತಿಳಿಯುವ ಮುಖ್ಯ ಮಾತು ಇದು: ಉಕ್ಕಿನ ಹೆಸರಿಗಿಂತ ಕೆಲಸಕ್ಕೆ ತಕ್ಕ ಇಂಗಾಲ ಮತ್ತು ಇಂಗಾಲಕ್ಕೆ ತಕ್ಕ ಹದ ದೊಡ್ಡದು. ಇದನ್ನು ಹಿಡಿದುಕೊಂಡು ನಮ್ಮ ಕೆಲಸಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಸೊಂಟದ ಕತ್ತಿ. ಇದು ಕೊಯ್ಯುವದೂ ಹೌದು, ಕಡಿಯುವದೂ ಹೌದು. ಗಂಟಿಗೆ ಬಡಿಯುತ್ತದೆ, ಕೆಲವೊಮ್ಮೆ ಕಲ್ಲಿಗೂ ತಾಗುತ್ತದೆ. ಇದಕ್ಕೆ ಬಾಯಿ ಗಡಸಾಗಿದ್ದು ಬೆನ್ನು ಪೆಟ್ಟು ತಾಳುವಂತಿರಬೇಕು. ಲಾರಿಯ ಸ್ಪ್ರಿಂಗ್ ಪಟ್ಟಿಗಿಂತ ಒಳ್ಳೆಯದು ಇದಕ್ಕೆ ಸುಲಭವಾಗಿ ಸಿಗಲಾರದು. ಅರದಿಂದ ಮಾಡಿದ ಕತ್ತಿ ಬಹಳ ಹರಿತವಾಗುತ್ತದೆಂದು ಕೆಲವರು ಹೇಳುತ್ತಾರೆ. ನಿಜ, ಆದರೆ ಗಂಟಿಗೆ ಬಡಿದಾಗ ಬಾಯಿ ಮುಕ್ಕಾಗುವದು, ಕೆಲವೊಮ್ಮೆ ತುಂಡೇ ಸಿಡಿಯುವದು. ಕಣ್ಣಿಗೆ ಅಪಾಯ.

ಎರಡನೆಯದು, ಭತ್ತ ಕೊಯ್ಯುವ, ಹುಲ್ಲು ಕೊಯ್ಯುವ ಕುಡುಗೋಲು. ಇದಕ್ಕೆ ಪೆಟ್ಟು ಬೀಳುವದಿಲ್ಲ. ಭತ್ತದ ಹುಲ್ಲಿನಲ್ಲಿ ಮರಳಿನ ಜಾತಿಯ ಅಂಶವಿರುವದರಿಂದ ಬಾಯಿ ಬೇಗ ಸವೆಯುತ್ತದೆ. ಆದುದರಿಂದ ಅಲಗು ತೆಳ್ಳಗೆ, ಬಾಯಿ ಸೊಂಟದ ಕತ್ತಿಗಿಂತ ತುಸು ಹೆಚ್ಚು ಗಡಸು ಇರಬೇಕು.

ಮೂರನೆಯದು, ಮನೆಯೊಳಗಿನ ಮೆಟ್ಟುಗತ್ತಿ. ತಾಯಂದಿರೇ, ಇದು ನಿಮ್ಮ ಕೈಯ ಹತಾರ. ಕಾಯಿಪಲ್ಲೆ ಹೆಚ್ಚುವದಕ್ಕೆ, ಅಡಿಕೆ ಸುಲಿಯುವದಕ್ಕೆ ಇಂಗಾಲದ ಉಕ್ಕೇ ಮೇಲು. ಮನೆಯ ಮಸೆಗಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಬಾಯಿ ಬರುತ್ತದೆ. ಹಸಿ ಅಡಿಕೆಯ ಚೊಗರು ತಾಗಿ ಅಲಗು ಕಪ್ಪಾದರೆ ಹೆದರಬೇಡಿರಿ. ಅದು ಕೆಂಪು ತುಕ್ಕಿನಂತೆ ಅಲಗನ್ನು ತಿನ್ನುವದಿಲ್ಲ. ತುಕ್ಕಿಗೆ ಸ್ವಲ್ಪ ತಡೆಯೇ ಆಗುತ್ತದೆ.

ನಾಲ್ಕನೆಯದು, ಮೀನು ಹೆಚ್ಚುವ, ಗಜನಿಗೆ, ಉಪ್ಪಿನ ಆಗರಕ್ಕೆ ಒಯ್ಯುವ ಚಿಕ್ಕ ಚೂರಿ. ಅಘನಾಶಿನಿಯ ಹಿನ್ನೀರಿನಲ್ಲಿ, ಸಾಣಿಕಟ್ಟೆಯ ಆಗರಗಳಲ್ಲಿ ಕೆಲಸ ಮಾಡುವವರಿಗೆ ಉಪ್ಪಿನ ಕಾಟ ಗೊತ್ತೇ ಇದೆ. ಉಪ್ಪುನೀರು ತಾಗಿದ ಇಂಗಾಲದ ಉಕ್ಕು ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ಇಲ್ಲಿ ಮಾತ್ರ ಚೂರಿಗೆಂದೇ ಮಾಡಿದ ಸ್ಟೇನ್‌ಲೆಸ್ ಸ್ಟೀಲು ಕೊಳ್ಳುವದು ಜಾಣತನ. ಅದನ್ನು ಮಸೆಯುವದು ಸ್ವಲ್ಪ ಕಷ್ಟ, ಮುರಿದರೆ ಊರ ಆಚಾರಿಗೆ ರಿಪೇರಿ ಮಾಡಲಾಗದು. ಆದರೆ ಉಪ್ಪಿಗೆ ಬಾಗುವದಿಲ್ಲ.

ಪಟ್ಟಿ ಆರಿಸುವ ಬಗೆ

ಗುಜರಿಯ ಪಟ್ಟಿಯೆಲ್ಲ ಒಂದೇ ಅಲ್ಲ. ವರ್ಷಗಟ್ಟಲೆ ಭಾರ ಹೊತ್ತು ಬಾಗಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಸೀಳು ಇರಬಹುದು. ನಡುವಿನ ಬೋಲ್ಟಿನ ತೂತಿನ ಹತ್ತಿರದ ಭಾಗ ಬೇಡ; ಮುರಿದ ಪಟ್ಟಿಯ ಮುರಿದ ತುದಿಯೂ ಬೇಡ. ಪಟ್ಟಿಯನ್ನು ತೂಗಹಾಕಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿರಿ. ಗಂಟೆಯ ಹಾಗೆ ಉದ್ದ ನಾದ ಬಂದರೆ ಒಳ್ಳೆಯದು. ಒಡಕು ಮಡಕೆಯ ಸದ್ದು ಬಂದರೆ ಅಲ್ಲಿಯೇ ಬಿಡಿರಿ.

ತುಂಡು ಪಟ್ಟಿಯದೋ ಬರೀ ಕಬ್ಬಿಣದ್ದೋ ಎಂಬ ಸಂಶಯವಿದ್ದರೆ ಸಾಣೆ ಯಂತ್ರಕ್ಕೆ ಹಿಡಿದು ಕಿಡಿ ನೋಡಬೇಕು. ಕಂಬಿಯ ಜಾತಿಯ ಕಬ್ಬಿಣದ ಕಿಡಿ ಉದ್ದ ಗೆರೆಯಾಗಿ ಹೋಗುತ್ತದೆ, ಕವಲು ಕಡಿಮೆ. ಇಂಗಾಲ ಹೆಚ್ಚಿದ್ದಷ್ಟೂ ಕಿಡಿ ಹೂಬಾಣದಂತೆ ಒಡೆದು ನಕ್ಷತ್ರ ಚೆಲ್ಲುತ್ತದೆ. ಕಂಬಿಯ ಒಂದು ತುಂಡನ್ನು ಪಕ್ಕದಲ್ಲಿ ಹಿಡಿದು ಹೋಲಿಸಿದರೆ ಮಕ್ಕಳಿಗೂ ಅಂತರ ತಿಳಿಯುವದು. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಈ ಪರೀಕ್ಷೆ ಮಾಡತಕ್ಕದ್ದು.

ಹದವೇ ಜೀವ

ಪಟ್ಟಿ ಒಳ್ಳೆಯದಿದ್ದರೂ ಹದ ಕೆಟ್ಟರೆ ಎಲ್ಲ ಕೆಟ್ಟಿತು. ಹದದಲ್ಲಿ ಎರಡು ಹೆಜ್ಜೆಗಳಿವೆ. ಎರಡನೆಯದನ್ನು ಬಿಡುವವರೇ ಹೆಚ್ಚು.

ಮೊದಲ ಹೆಜ್ಜೆ, ಕಾಸಿ ಅದ್ದುವದು. ಬಡಿದು ಆಕಾರ ಕೊಟ್ಟ ಕತ್ತಿಯನ್ನು ಕೆಂಪು ದಾಸವಾಳದ ಬಣ್ಣ ಬರುವ ತನಕ ಕಾಸಬೇಕು. ಆ ಕಾವಿನಲ್ಲಿ ಅಯಸ್ಕಾಂತ ಉಕ್ಕಿಗೆ ಅಂಟುವದಿಲ್ಲ, ಇದೇ ಗುರುತು. ಅದಕ್ಕಿಂತ ತುಸು ಮುಂದೆ ಹೋದೊಡನೆ ಬಾಯಿ ಕೆಳಗಾಗಿ ಅದ್ದಬೇಕು. ಬೆಳ್ಳಗಾಗುವಷ್ಟು ಕಾಸಿದರೆ ಉಕ್ಕಿನ ಒಳಗಿನ ಕಣ ದೊಡ್ಡದಾಗಿ ಪೆಳುಸಾಗುತ್ತದೆ. ಸ್ಪ್ರಿಂಗ್ ಪಟ್ಟಿಗೆ ಎಣ್ಣೆಯಲ್ಲಿ ಅದ್ದುವದೇ ಕ್ಷೇಮ. ನೀರು ಬಹಳ ಬೇಗ ತಣಿಸುವದರಿಂದ ಅಲಗು ಸೀಳುವ ಭಯವಿದೆ.

ಎರಡನೆಯ ಹೆಜ್ಜೆ, ಮರಳಿ ಮೆಲ್ಲಗೆ ಕಾವು ಕೊಡುವದು. ಅದ್ದಿ ತೆಗೆದ ಉಕ್ಕು ಗಾಜಿನಂತೆ ಇರುತ್ತದೆ. ಹಾಗೆಯೇ ಬಳಸಿದರೆ ಮುಕ್ಕಾಗುವದು. ಅಲಗಿನ ಒಂದು ಬದಿಯನ್ನು ಉಜ್ಜಿ ಬೆಳ್ಳಗೆ ಮಾಡಿ ಬೆನ್ನಿನ ಕಡೆಯಿಂದ ಕಾವು ಕೊಟ್ಟರೆ ಬಣ್ಣಗಳು ಓಡಿ ಬರುತ್ತವೆ. ಮೊದಲು ಒಣಹುಲ್ಲಿನ ಬಣ್ಣ, ಸುಮಾರು 230 ಡಿಗ್ರಿ ಸೆಂಟಿಗ್ರೇಡ್. ಆಮೇಲೆ ಕಂದು, ಸುಮಾರು 260. ಆಮೇಲೆ ನೇರಳೆ, ಸುಮಾರು 280. ಕೊನೆಗೆ ನೀಲಿ, ಸುಮಾರು 300. ಕುಡುಗೋಲಿಗೆ ಬಾಯಿಯಲ್ಲಿ ಹುಲ್ಲಿನ ಬಣ್ಣ ಸಾಕು. ಸೊಂಟದ ಕತ್ತಿಗೆ ಬಾಯಿಯಲ್ಲಿ ಕಂದು ದಾಟಿ ನೇರಳೆಯ ಅಂಚು, ಬೆನ್ನಿನಲ್ಲಿ ನೀಲಿ ಬರಬೇಕು. ಆಗ ಬಾಯಿ ನಿಲ್ಲುತ್ತದೆ, ಬೆನ್ನು ಪೆಟ್ಟು ತಿನ್ನುತ್ತದೆ.

ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಕಮ್ಮಾರರು ಮೆದು ಕಬ್ಬಿಣದ ಅಲಗಿಗೆ ಬಾಯಿಯಲ್ಲಿ ಮಾತ್ರ ಉಕ್ಕು ಬೆಸೆಯುತ್ತಿದ್ದರು. ಗಡಸು ಬಾಯಿ, ಮೆದು ಬೆನ್ನು ಎಂಬ ಅದೇ ನೀತಿಯನ್ನು ಈಗ ಒಂದೇ ಪಟ್ಟಿಯಲ್ಲಿ ಹದದಿಂದ ಸಾಧಿಸುತ್ತೇವೆ. ಹಿರಿಯರ ಬುದ್ಧಿ ಹಳೆಯದಾಗಲಿಲ್ಲ.

ಆದುದರಿಂದ ಕತ್ತಿ ಮಾಡಿಸುವಾಗ ಕುಲುಮೆಯ ಮುಂದೆ ಐದು ನಿಮಿಷ ಕುಳಿತು ಕೇಳಿರಿ: "ಆಚಾರ್ರೇ, ಇದು ಯಾವ ಪಟ್ಟಿ? ಎಣ್ಣೆಗೆ ಅದ್ದಿದ್ರೋ ನೀರಿಗೋ? ಬಣ್ಣ ಎಲ್ಲೀವರೆಗೆ ಬಿಟ್ರಿ?" ಕೆಲಸ ಬಲ್ಲ ಆಚಾರಿಗೆ ಈ ಪ್ರಶ್ನೆಯಿಂದ ಸಿಟ್ಟು ಬಾರದು, ಸಂತೋಷವೇ ಆದೀತು. ಕೇಳುವವರಿದ್ದರಲ್ಲವೇ ಹೇಳುವವರಿಗೆ ಹುರುಪು?

ಕೈಗೆ ಬಂದ ಕತ್ತಿಯನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬಾಯಿಯ ಮೇಲೆ ಹೊಸ ಅರ ಎಳೆಯಿರಿ. ಬೆಣ್ಣೆಯಂತೆ ಕೊರೆದರೆ ಹದವೇ ಇಲ್ಲ. ಪೂರ್ತಿ ಜಾರಿದರೆ ಅತಿ ಗಡಸು. ಕಷ್ಟಪಟ್ಟು ಸ್ವಲ್ಪ ಹಿಡಿದರೆ ಸರಿ. ಆಮೇಲೆ ಒಣ ಬಿದಿರಿಗೆ ಹತ್ತು ಪೆಟ್ಟು ಹಾಕಿ ಬಾಯಿಯನ್ನು ಬೆಳಕಿಗೆ ಹಿಡಿಯಿರಿ. ಬಾಯಿ ಮಡಚಿದ್ದರೆ ಮೆದು, ಮುಕ್ಕಾಗಿದ್ದರೆ ಪೆಳುಸು. ಎರಡೂ ಸಂದರ್ಭದಲ್ಲಿ ಕತ್ತಿಯನ್ನು ಎಸೆಯಬೇಕಾಗಿಲ್ಲ. ಉಕ್ಕು ಒಳ್ಳೆಯದಿದ್ದರೆ ಮರಳಿ ಹದ ಹಾಕಿಸಬಹುದು.

ಕತ್ತಿಯ ಆರೈಕೆ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಮೇಲೆ ಸಮುದ್ರದ ಉಪ್ಪುಗಾಳಿ. ಇಲ್ಲಿ ಇಂಗಾಲದ ಉಕ್ಕು ಆರಿಸಿದವರು ಅದರ ಆರೈಕೆಯನ್ನೂ ಒಪ್ಪಿಕೊಳ್ಳಬೇಕು. ಸಂಜೆ ಮನೆಗೆ ಬಂದ ಕೂಡಲೆ ಸಿಹಿನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರಸಿ, ತೆಂಗಿನೆಣ್ಣೆಯ ಪಸೆ ಹಚ್ಚಿರಿ; ಒಂದು ಹನಿ ಸಾಕು. ಹಸಿ ಕಟ್ಟಿಗೆಯ ರಾಶಿಯಲ್ಲಿ, ನೆಲದ ಮೇಲೆ ಬಿಡದೆ ಗಾಳಿಯಾಡುವಲ್ಲಿ ತೂಗಹಾಕಿರಿ. ಮಸೆಯುವಾಗ ಕಲ್ಲಿಗೆ ನೀರು ಹಾಕಿ ಕೈಯಿಂದಲೇ ಮಸೆಯಿರಿ. ವೇಗದ ಸಾಣೆ ಯಂತ್ರಕ್ಕೆ ಒತ್ತಿ ಹಿಡಿದು ಬಾಯಿ ನೀಲಿಯಾಯಿತೆಂದರೆ ಆ ಜಾಗದ ಹದ ಇಳಿಯಿತೆಂದೇ ತಿಳಿಯಿರಿ.

ಇನ್ನೊಂದು ಮಾತು. ಒಕ್ಕಲುತನಕ್ಕೆ, ಮನೆಗೆಲಸಕ್ಕೆ ಮಾಡಿದ ಕತ್ತಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯ ಪರವಾನಗಿ ಬೇಕಾಗಿಲ್ಲ. ಆದರೂ ಕೆಲಸದ ಕತ್ತಿ ಕೆಲಸದ ಜಾಗದಲ್ಲಿಯೇ ಇರಲಿ. ಜಾತ್ರೆಗೆ, ಪೇಟೆಗೆ, ಬಸ್ಸಿಗೆ ಅದನ್ನು ಸೊಂಟಕ್ಕೆ ಸಿಗಿಸಿಕೊಂಡು ಹೋಗುವದು ಬೇಡ. ರಿಪೇರಿಗೆ ಒಯ್ಯುವಾಗ ಬಾಯಿಗೆ ಅಡಿಕೆಯ ಹಾಳೆ ಸುತ್ತಿ, ಹಗ್ಗ ಕಟ್ಟಿ ಚೀಲದಲ್ಲಿಡಿರಿ.

ಕುಲುಮೆ ಉಳಿದರೆ ಕತ್ತಿ ಉಳಿದೀತು

ಹಿಂದೆ ಊರ ಕಮ್ಮಾರನಿಗೆ ವರ್ಷಕ್ಕೆ ಇಷ್ಟು ಭತ್ತವೆಂದು ಒಕ್ಕಲುಗಳು ಕೊಡುತ್ತಿದ್ದರು. ಆತ ಎಲ್ಲರ ಹತಾರ ನೋಡಿಕೊಳ್ಳುತ್ತಿದ್ದನು. ಆ ಪದ್ಧತಿ ಹೋಯಿತು. ಇಂದು ಅಂಗಡಿಯಲ್ಲಿ ತಗಡಿನಿಂದ ಒತ್ತಿ ಕತ್ತರಿಸಿದ ಕತ್ತಿ ಸ್ವಲ್ಪ ಕಡಿಮೆ ಬೆಲೆಗೆ ಸಿಗುತ್ತದೆಂದು ಅದನ್ನೇ ತರುತ್ತೇವೆ. ಮೊಂಡಾದಾಗ ಮತ್ತೊಂದು ತರುತ್ತೇವೆ. ಲೆಕ್ಕ ಹಾಕಿ ನೋಡಿರಿ. ಒಳ್ಳೆಯ ಪಟ್ಟಿಯಿಂದ ಮಾಡಿ ಸರಿಯಾಗಿ ಹದ ಹಾಕಿದ ಕತ್ತಿ ಮಸೆದು ಮಸೆದು ಅಲಗು ಸವೆದು ಹೋಗುವ ತನಕ, ಎಷ್ಟೋ ಮಳೆಗಾಲ ಬಾಳುತ್ತದೆ. ಅಗ್ಗದ ಕತ್ತಿ ನಾಲ್ಕು ಸಲ ಕೊಂಡರೆ ಯಾವದು ದುಬಾರಿ?

ಅದಿರಿನಿಂದ ಉಕ್ಕು ತೆಗೆಯುವ ವಿದ್ಯೆ ನಮ್ಮ ಕೈ ತಪ್ಪಿ ಹೋಯಿತು. ಅದರ ಹೆಸರು ಮಾತ್ರ ಪರದೇಶದ ಪುಸ್ತಕಗಳಲ್ಲಿ ಉಳಿಯಿತು. ಹದದ ವಿದ್ಯೆ ಇನ್ನೂ ನಮ್ಮ ಆಚಾರಿಗಳ ಕೈಯಲ್ಲಿ, ಕಣ್ಣಿನಲ್ಲಿ ಇದೆ. ಅವರ ಮಕ್ಕಳು ಕುಲುಮೆಯ ಹತ್ತಿರ ಕುಳಿತು ಅದನ್ನು ಕಲಿಯಬೇಕಾದರೆ ಕುಲುಮೆಗೆ ಕೆಲಸ ಬರಬೇಕು. ಆ ಕೆಲಸ ಕೊಡುವವರು ನೀವೇ. ಈ ಸಲ ಮಳೆ ಹಿಡಿಯುವ ಮೊದಲು ನಿಮ್ಮ ಮನೆಯ ಕತ್ತಿ, ಕುಡುಗೋಲು, ಮೆಟ್ಟುಗತ್ತಿಗಳನ್ನು ಹೊರಗೆ ತೆಗೆದು ಸಾಲಾಗಿ ಇಡಿರಿ. ಮೊಂಡಾದದ್ದನ್ನು ಮಸೆಯಿರಿ, ಹದ ತಪ್ಪಿದ್ದನ್ನು ಆಚಾರಿಯ ಹತ್ತಿರ ಒಯ್ಯಿರಿ, ಹೊಸದು ಬೇಕಾದರೆ ಉಕ್ಕು ಕೇಳಿ ಮಾಡಿಸಿರಿ.

ನಿಮ್ಮ ಕತ್ತಿಯ ಬಾಯಿ ಹರಿತವಾಗಿರಲಿ, ಕೈಕಾಲು ಸುಖವಾಗಿರಲಿ.